ಶಿಫ್ಟ್ ಮುಗಿದ ಮೇಲಾದರೂ ಅಳಬೇಕು

ಮಗು,

ಆ ಸಿನಿಮಾ ಮುಗಿದ ಮೇಲೆ ನೀನೊಂದು ಮಾತು ಹೇಳಿದೆ. "ಅಜ್ಜಿ, ಆ ಔಷಧ ನಿಜವಾಗಿ ಸಿಗೋ ಹಾಗಿದ್ದಿದ್ರೆ ನಾನಂತೂ ತಗೊಳ್ತಿದ್ದೆ." ನೀನದನ್ನು ನಗುನಗುತ್ತಲೇ ಹೇಳಿದೆ, ನನಗೆ ನಗು ಬರಲಿಲ್ಲ. ಎದುರು ಕೂರಿಸಿಕೊಂಡು ಮಾತಾಡೋಣವೆಂದರೆ ನಿನಗೆ ಪುರುಸೊತ್ತು ಎಲ್ಲಿದೆ? ಕತ್ತಲಲ್ಲೇ ಎದ್ದು ರೈಲಿಗೆ ಓಡುತ್ತೀಯ, ಕತ್ತಲಾದ ಮೇಲೆ ಬಂದು ಮಲಗುತ್ತೀಯ. ಅದಕ್ಕೇ ಬರೆದು ನಿನ್ನ ಬ್ಯಾಗಿನಲ್ಲಿ ಇಡುತ್ತಿದ್ದೇನೆ. ಟೇಕಲ್ ದಾಟುವ ಹೊತ್ತಿಗೆ ಸೀಟು ಸಿಕ್ಕರೆ ಓದು.

'ಈಕ್ವಿಲಿಬ್ರಿಯಮ್' 2002ರ ಸಿನಿಮಾ ಅಂದೆ. ನಮ್ಮ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು ಅದರ ಹಿಂದಿನ ವರ್ಷ, 2001ರ ಫೆಬ್ರವರಿ 28ಕ್ಕೆ. ಆ ಲಿಬ್ರಿಯಾ ಪಟ್ಟಣದ ಬೂದು ಗೋಡೆ, ಒಂದೇ ತರಹದ ಬಟ್ಟೆ, ಮುಖದಲ್ಲಿ ಏನೂ ಇಲ್ಲದೆ ಸಾಲಾಗಿ ನಡೆಯುವ ಜನ, ಇದನ್ನೆಲ್ಲ ನೋಡುವಾಗ ನನಗೆ ಅದು ಮುಂದೆಂದೋ ಬರುವ ಕಾಲದ ಕತೆ ಅನ್ನಿಸಲೇ ಇಲ್ಲ. ಆ ವರ್ಷ ನಮ್ಮ ಲೈನ್ ಮನೆಗಳ ಮುಂದೆ ಗಂಡಸರು ಅದೇ ಮುಖ ಹೊತ್ತು ಕೂತಿದ್ದರು. ನಿನ್ನ ತಾತ ಶಿಫ್ಟ್ ಹೊತ್ತಿಗೆ ಸರಿಯಾಗಿ ಎದ್ದು, ಮುಖ ತೊಳೆದು, ಷರಟು ಹಾಕಿಕೊಂಡು ಹೊಸ್ತಿಲ ಮೇಲೆ ಕೂರುತ್ತಿದ್ದರು. ಹೋಗುವುದಕ್ಕೆ ಎಲ್ಲಿಯೂ ಇರಲಿಲ್ಲ. "ಬೇಜಾರಾಗಿದೆಯಾ?" ಅಂದರೆ "ಬೇಜಾರೇನು, ಎಲ್ಲರಿಗೂ ಆದದ್ದೇ" ಅನ್ನುತ್ತಿದ್ದರು. ಆ ಒಂದು ಉತ್ತರದಲ್ಲೇ ವರ್ಷಗಟ್ಟಲೆ ಕಳೆದರು.

ಸಿನಿಮಾದ ವಾದವನ್ನು ಮೊದಲು ನೆಟ್ಟಗೆ ಕೇಳಿಸಿಕೊಳ್ಳೋಣ. ಮೂರನೇ ಮಹಾಯುದ್ಧ ಆಗಿಹೋಗಿದೆ. ಇನ್ನೊಂದು ಆದರೆ ಮನುಷ್ಯನ ಕುಲವೇ ಉಳಿಯದು. ಯುದ್ಧಕ್ಕೆ ಮೂಲ ದ್ವೇಷ, ದ್ವೇಷಕ್ಕೆ ಮೂಲ ಭಾವನೆ. ಹಾಗಾಗಿ ಭಾವನೆಯನ್ನೇ ಕಿತ್ತುಹಾಕಿಬಿಟ್ಟರೆ ಶಾಂತಿ. ಅದಕ್ಕೊಂದು ಔಷಧ, ಪ್ರೋಜಿಯಂ. ಹೊತ್ತು ಹೊತ್ತಿಗೆ ಎಲ್ಲರೂ ಕತ್ತಿಗೆ ಚುಚ್ಚಿಕೊಳ್ಳಬೇಕು. ಚಿತ್ರ, ಪುಸ್ತಕ, ಹಾಡು ಏನು ಸಿಕ್ಕರೂ ಸುಡಬೇಕು. ಅಳುವವನು, ಮರುಗುವವನು ಅಪರಾಧಿ.

ಇದು ಮೂರ್ಖರ ವಾದವಲ್ಲ, ಮಗು. ಭಾವನೆ ಕೆರಳಿದರೆ ಏನಾಗುತ್ತದೆಂದು ನಾವೂ ನೋಡಿದ್ದೇವೆ. 1991ರಲ್ಲಿ ಕಾವೇರಿ ಗಲಾಟೆ ಎದ್ದಾಗ ಬೆಂಗಳೂರಿನಲ್ಲಿ ತಮಿಳು ಮಾತಾಡುವವರ ಮನೆಗಳಿಗೆ ಬೆಂಕಿ ಬಿತ್ತು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುವ ಊರು ನಮ್ಮದು. ಆ ದಿನಗಳಲ್ಲಿ ನಮ್ಮ ಲೈನಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಇಂಥದ್ದನ್ನು ಕಂಡವರಿಗೆ, ಭಾವನೆಯೇ ಬೇಡಪ್ಪ ಅಂತ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಆಗ ಪಕ್ಕದ ಮನೆಯವರನ್ನು ಕಾಪಾಡಿದ್ದು ಯಾವುದು? ಅದೂ ಭಾವನೆಯೇ. ಅಯ್ಯೋ ಪಾಪ ಅನ್ನಿಸದವನು ಬಾಗಿಲು ತೆರೆದು ಯಾರನ್ನೂ ಒಳಗೆ ಕರೆಯುವುದಿಲ್ಲ. ಔಷಧಕ್ಕೆ ದ್ವೇಷ ಯಾವುದು, ಕರುಣೆ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಒಯ್ಯುತ್ತದೆ.

ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ. ನೀನು ಹುಟ್ಟುವ ಮೊದಲೇ ಮುಗಿದ ಕೆಲಸ ಅದು, ನಿನಗೆ ಸರಿಯಾಗಿ ಹೇಳಿಯೇ ಇಲ್ಲ.

ಗಣಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿದಾಗ ನನಗೆ ನಿನ್ನಷ್ಟೇ ವಯಸ್ಸು. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ಗಣಿ. ತಳದಲ್ಲಿ ಬಂಡೆಯೇ ಅರವತ್ತು ಡಿಗ್ರಿ ದಾಟಿ ಕಾಯುತ್ತಿತ್ತು. ಅಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಒಂದಕ್ಕೆ, ಏರ್‌ಬ್ಲಾಸ್ಟ್. ಪುಸ್ತಕದವರು ಅದನ್ನು ರಾಕ್‌ಬರ್ಸ್ಟ್ ಅನ್ನುತ್ತಾರೆ. ಅದು ಆಗುವಾಗ ಮೇಲೆ ನಮ್ಮ ಮನೆಗಳಲ್ಲಿ ಅಟ್ಟದ ಪಾತ್ರೆಗಳು ಅಲುಗಾಡುತ್ತಿದ್ದವು, ಗೋಡೆಯ ಫೋಟೋ ಓರೆಯಾಗುತ್ತಿತ್ತು. ಹೆಂಗಸರು ಒಲೆ ಮೇಲಿನ ಸಾರು ಹಾಗೇ ಬಿಟ್ಟು ಶಾಫ್ಟ್ ಕಡೆಗೆ ಓಡುತ್ತಿದ್ದರು. ಕೇಜು ಮೇಲೆ ಬಂದಾಗಲೆಲ್ಲ ಯಾರು ಇಳಿಯುತ್ತಾರೆ ಅಂತ ಕಣ್ಣು ಬಿಟ್ಟುಕೊಂಡು ನಿಲ್ಲುತ್ತಿದ್ದರು. ತಮ್ಮವರು ಇಳಿದರೆ ಸಂತೋಷವನ್ನು ತೋರಿಸಿಕೊಳ್ಳುತ್ತಿರಲಿಲ್ಲ, ಪಕ್ಕದಲ್ಲಿ ಇನ್ನೂ ಕಾಯುತ್ತಿರುವವಳು ಇರುತ್ತಾಳಲ್ಲ. ಈ ಮರ್ಯಾದೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಒಮ್ಮೆ ಹೀಗೇ ಒಬ್ಬ ಹುಡುಗನನ್ನು ತಂದರು. ಮೈಯೆಲ್ಲ ಕಲ್ಲಿನ ಪುಡಿ, ರೆಪ್ಪೆಯ ಮೇಲೂ ಬೂದುಬಣ್ಣ. ಕಾಲಿನ ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸುವುದು ನನ್ನ ಪಾಲಿಗೆ ಬಂತು. ಅವನು ನನ್ನ ಕೈ ಹಿಡಿದುಕೊಂಡು "ಅಕ್ಕಾ, ಅಮ್ಮನಿಗೆ ಹೇಳ್ಬೇಡಿ" ಅಂದ. ಅವರಮ್ಮ ಹೊರಗೆ ವರಾಂಡದಲ್ಲೇ ನಿಂತಿದ್ದರು. ನನ್ನ ಕೈ ನಡುಗಲಿಲ್ಲ. ನಡುಗಿದ್ದರೆ ಕತ್ತರಿ ಚರ್ಮಕ್ಕೆ ತಾಗುತ್ತಿತ್ತು. ಗಾಯ ತೊಳೆದೆ, ಡಾಕ್ಟರ್ ಕೇಳಿದ್ದನ್ನು ಎತ್ತಿಕೊಟ್ಟೆ, ರಕ್ತದ ಬಾಟಲಿ ನೇತುಹಾಕಿದೆ. ಎಲ್ಲ ಮುಗಿದ ಮೇಲೂ ನನಗೆ ಏನೂ ಅನ್ನಿಸುತ್ತಿರಲಿಲ್ಲ. ನಾನು ಗಟ್ಟಿಯಾದೆ ಅಂದುಕೊಂಡು ಒಳಗೊಳಗೇ ಹೆಮ್ಮೆಯೂ ಆಯಿತು.

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ನೋಡಿ ಬಟ್ಟೆ ಒಗೆಯುವ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಸ್ಟೂಲಿನ ಮೇಲೆ ಕೂರಿಸಿ ಬಾಗಿಲು ಹಾಕಿದರು. "ಇಲ್ಲಿ ಅಳು. ರೋಗಿ ಮುಂದೆ ಅಳಬೇಡ, ಅವನಿಗೆ ಧೈರ್ಯ ಹೋಗುತ್ತೆ. ಆದ್ರೆ ಇಲ್ಲಿ ಅಳದೆ ಮನೆಗೆ ಹೋಗ್ಬೇಡ" ಅಂದರು. ನನಗೆ ಅಳು ಬರಲಿಲ್ಲ. ಅವರು ಬಿಡಲಿಲ್ಲ. ಆ ಹುಡುಗನ ಮುಖ ಹೇಗಿತ್ತು, ಅವನು ಏನಂದ, ಅವರಮ್ಮ ಉಟ್ಟಿದ್ದ ಸೀರೆ ಯಾವುದು, ಒಂದೊಂದಾಗಿ ಕೇಳಿದರು. ಸೀರೆಯ ಬಣ್ಣ ಹೇಳುವಾಗ ಕಟ್ಟೆ ಒಡೆಯಿತು. ಸಿಸ್ಟರ್ ಸುಮ್ಮನೆ ಪಕ್ಕದಲ್ಲಿ ಕೂತಿದ್ದರು. ಆಮೇಲೆ "ಮುಖ ತೊಳ್ಕೊಂಡು ಬಾ, ಟೀ ಇದೆ" ಅಂದರು.

ಇಷ್ಟೇ ನಾನು ನಿನಗೆ ಹೇಳಬೇಕೆಂದಿರುವುದು. ಕೆಲಸದ ಹೊತ್ತಿನಲ್ಲಿ ಭಾವನೆಯನ್ನು ಪಕ್ಕಕ್ಕಿಟ್ಟು ಕೈಯನ್ನು ಸ್ಥಿರವಾಗಿಟ್ಟುಕೊಳ್ಳುವುದು ಒಂದು ವಿದ್ಯೆ. ಅದನ್ನು ಕಲಿ, ನನ್ನ ಅಡ್ಡಿಯಿಲ್ಲ. ಆದರೆ ಪಕ್ಕಕ್ಕಿಟ್ಟದ್ದನ್ನು ಅದೇ ದಿನ, ತಪ್ಪಿದರೆ ಅದೇ ವಾರ, ಹೋಗಿ ಎತ್ತಿಕೊಳ್ಳಬೇಕು. ಅದನ್ನು ಅಲ್ಲೇ ಬಿಟ್ಟು ಬರುವವರು ಗಟ್ಟಿಗರಲ್ಲ. ಆ ಸಿನಿಮಾದ ನಾಯಕ ಪ್ರೆಸ್ಟನ್ ಆಗುತ್ತಾರೆ. ತನ್ನ ಹೆಂಡತಿಯನ್ನು ಸುಡುವುದಕ್ಕೆ ಕಣ್ಣೆದುರೇ ಎಳೆದುಕೊಂಡು ಹೋದರೂ ಸುಮ್ಮನೆ ನೋಡಿಕೊಂಡು ನಿಂತವನು ಅವನು. ಆಗ ಅವನಿಗೆ ಏನೂ ಅನ್ನಿಸಲಿಲ್ಲ. ಅದನ್ನೇ ಅವನು ಶಿಸ್ತು ಅಂದುಕೊಂಡಿದ್ದ.

ನಿನ್ನ ತಾತ ಹೇಳುತ್ತಿದ್ದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಏರ್‌ಬ್ಲಾಸ್ಟ್ ಯಾಕಾಗುತ್ತದೆ ಗೊತ್ತೇ? ಅದಿರು ತೆಗೆದ ಜಾಗ ಖಾಲಿಯಾದಾಗ ಮೇಲಿನ ಭಾರವೆಲ್ಲ ಉಳಿದ ಬಂಡೆಯ ಮೇಲೆ ಬೀಳುತ್ತದೆ. ಮೆತ್ತನೆಯ ಕಲ್ಲಾದರೆ ನಿಧಾನವಾಗಿ ಬಾಗುತ್ತದೆ, ಕುಸಿಯುತ್ತದೆ, ಕಣ್ಣಿಗೆ ಕಾಣುತ್ತದೆ. ನಮ್ಮ ಚಾಂಪಿಯನ್ ರೀಫ್ ಗಣಿಯ ಬಂಡೆ ಗಡುಸು. ಬಾಗುವುದಿಲ್ಲ, ಎಷ್ಟು ಭಾರ ಬಂದರೂ ಹೊತ್ತುಕೊಂಡೇ ಇರುತ್ತದೆ. ಒಂದು ಗಳಿಗೆಯಲ್ಲಿ ಸಿಡಿಯುತ್ತದೆ, ಎದುರಿಗಿದ್ದವರು ಹೋದರು. ಅದಕ್ಕೇ ಹಳಬರು ಬಂಡೆಯ ಸಣ್ಣ ಸದ್ದುಗಳಿಗೆ ಕಿವಿಗೊಡುತ್ತಿದ್ದರು. ಕಟಕಟ ಅನ್ನುವ ಕಲ್ಲಿಗಿಂತ ಸುಮ್ಮನಿರುವ ಕಲ್ಲಿಗೆ ಹೆಚ್ಚು ಹೆದರುತ್ತಿದ್ದರಂತೆ. ಕೊನೆಕೊನೆಗೆ ಆ ಸದ್ದುಗಳನ್ನು ಹಿಡಿಯುವುದಕ್ಕೇ ಜಿಯೋಫೋನ್ ಅನ್ನುವ ಯಂತ್ರಗಳನ್ನು ನೆಲದೊಳಗೆ ಇಟ್ಟರು. 1988ರಲ್ಲಿ ರಾಕ್ ಮೆಕ್ಯಾನಿಕ್ಸ್ ಅಂತಲೇ ಒಂದು ರಾಷ್ಟ್ರೀಯ ಸಂಸ್ಥೆ ಕೆಜಿಎಫ್‌ನಲ್ಲಿ ಶುರುವಾಯಿತು. ಕಲ್ಲು ಏನು ಹೇಳುತ್ತದೆಂದು ಕೇಳುವುದಕ್ಕೆ ಅಷ್ಟು ವ್ಯವಸ್ಥೆ ಮಾಡಿದ ಊರಿನಲ್ಲಿ, ಆ ಕಲ್ಲಿನ ಕೆಳಗೆ ದುಡಿದ ಗಂಡಸರು ಏನು ಹೇಳುತ್ತಾರೆಂದು ಕೇಳುವವರು ಕಡಿಮೆ ಇದ್ದರು.

ಅವರಿಗೆ ಪ್ರೋಜಿಯಂ ಇರಲಿಲ್ಲ, ಸಾರಾಯಿ ಇತ್ತು. ಗಣಿ ಮುಚ್ಚಿದ ಮೇಲೆ ಅದು ಇನ್ನೂ ಹೆಚ್ಚಾಯಿತು. ಹೊತ್ತು ಹೊತ್ತಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದರು, ಏನೂ ಅನ್ನಿಸಬಾರದು ಅಂತಲೇ ತೆಗೆದುಕೊಳ್ಳುತ್ತಿದ್ದರು. 2007ರಲ್ಲಿ ಸರ್ಕಾರ ರಾಜ್ಯದಲ್ಲಿ ಸಾರಾಯಿ ನಿಷೇಧಿಸಿತು. ಆ ಜಾಗಕ್ಕೆ ಬ್ರಾಂದಿ ಬಾಟಲಿ ಬಂತು. ನಿನ್ನ ಪೀಳಿಗೆಯವರು ಕುಡಿಯದಿದ್ದರೂ ಫೋನು ತಿಕ್ಕುತ್ತಾ ಅದೇ ಕೆಲಸ ಮಾಡಿಕೊಳ್ಳುತ್ತೀರಿ. ಒಂದು ರೀಲ್ ಆದ ಮೇಲೆ ಇನ್ನೊಂದು. ನಿನ್ನನ್ನು ಬೈಯುವುದಕ್ಕೆ ಹೇಳುತ್ತಿಲ್ಲ. ರಾತ್ರಿ ನಿನ್ನ ಮುಖಕ್ಕೆ ಆ ಬೆಳಕು ಬಿದ್ದಿರುವಾಗ ನೋಡಿದ್ದೇನೆ, ನಗುವ ವಿಡಿಯೋಕ್ಕೂ ನಿನ್ನ ತುಟಿ ಅಲುಗುವುದಿಲ್ಲ.

ಒಂದನ್ನು ಇಲ್ಲೇ ಒತ್ತಿ ಹೇಳಬೇಕು, ನರ್ಸ್ ಆಗಿದ್ದವಳು ಹೇಳದೆ ಬಿಡಬಾರದು. ಈ ಸಿನಿಮಾ ನೋಡಿದ ಹುಡುಗರು, ಖಿನ್ನತೆಗೆ ಡಾಕ್ಟರ್ ಕೊಡುವ ಮಾತ್ರೆಯೂ ಪ್ರೋಜಿಯಂನಂಥದ್ದೇ ಅಂದುಕೊಳ್ಳುವುದುಂಟು. ಖಂಡಿತ ಅಲ್ಲ. ಖಿನ್ನತೆಯೇ ಮನುಷ್ಯನಿಂದ ಭಾವನೆಯನ್ನು ಕಸಿಯುವ ಕಾಯಿಲೆ. ಊಟ ರುಚಿಸದು, ಮಗುವಿನ ನಗು ತಟ್ಟದು. ಸರಿಯಾದ ಚಿಕಿತ್ಸೆ ಸಿಕ್ಕರೆ ಆ ಭಾವನೆ ಮರಳಿ ಬರುತ್ತದೆ. ನಿನ್ನ ರೈಲು ಹೋಗುವ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಗೆಳೆಯರಲ್ಲಿ ಯಾರಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಹಂಗಿಸಬೇಡ, ನಿಲ್ಲಿಸು ಅಂತಲೂ ಹೇಳಬೇಡ.

ನಿನ್ನ ಕೆಲಸದ ಬಗ್ಗೆ ನೀನು ಬಿಡಿಬಿಡಿಯಾಗಿ ಹೇಳಿದ್ದನ್ನು ಸೇರಿಸಿಕೊಂಡು ಯೋಚಿಸಿದ್ದೇನೆ. ಫೋನಿನಲ್ಲಿ ಯಾರೋ ಬೈಯುತ್ತಾರೆ, ನೀನು ನಗುವ ದನಿಯಲ್ಲೇ ಕ್ಷಮೆ ಕೇಳಬೇಕು. ದನಿಯಲ್ಲಿ ನಗು ಇತ್ತೋ ಇಲ್ಲವೋ ಅಂತ ಇನ್ನೊಬ್ಬರು ಕೇಳಿಸಿಕೊಂಡು ಅಂಕ ಹಾಕುತ್ತಾರೆ. ಲಿಬ್ರಿಯಾದವರು ಭಾವನೆಯನ್ನು ಸುಟ್ಟರು. ನಿಮ್ಮ ಕಾಲದವರು ಅದಕ್ಕಿಂತ ಜಾಣರು, ಅದನ್ನು ಬಾಡಿಗೆಗೆ ಪಡೆಯುತ್ತಾರೆ. ದಿನವೆಲ್ಲ ಯಾರಿಗೋ ಕೊಟ್ಟು ಖಾಲಿಯಾಗಿ ಬರುವ ಹುಡುಗನಿಗೆ ಮನೆಯಲ್ಲಿ ಅಮ್ಮ "ಹೇಗಿತ್ತಪ್ಪಾ ಇವತ್ತು?" ಅಂದರೆ "ಓಕೆ" ಅನ್ನುವಷ್ಟೇ ಉಳಿದಿರುತ್ತದೆ. ಆ ಔಷಧ ಸಿಕ್ಕರೆ ತಗೊಳ್ತೀನಿ ಅಂದೆಯಲ್ಲ, ಅದರ ಹಿಂದೆ ಈ ದಣಿವೇ ಇದೆ ಅನ್ನುವುದು ನನಗೆ ಅರ್ಥವಾಗದೆ ಇಲ್ಲ.

ಆದರೂ ಯಾರಾದರೂ ಬಂದು "ಇಷ್ಟೊಂದು ಎಮೋಷನಲ್ ಆಗಬೇಡ" ಅಂತ ಹೇಳಿದಾಗ, ಹೇಳುವವರು ತಾವು ಆ ಚುಚ್ಚುಮದ್ದು ತೆಗೆದುಕೊಂಡಿದ್ದಾರೆಯೇ ಅಂತ ನೋಡು. ಸಿನಿಮಾದ ಕೊನೆಯಲ್ಲಿ ಏನು ಕಂಡೆವು? ಎಲ್ಲರಿಗೂ ಔಷಧ ಕೊಡಿಸುವ ಆ ದೊರೆ ತಾನು ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ. ಊರಿನ ಚಿತ್ರಗಳನ್ನೆಲ್ಲ ಸುಡಿಸಿದವನ ಕೋಣೆಯ ಗೋಡೆಯ ತುಂಬ ಚಿತ್ರಗಳಿದ್ದವು. ನಮ್ಮಲ್ಲೂ ಕಂಪನಿ ಕಾಲದಲ್ಲಿ ಹಾಗೇ ಇತ್ತು. ಜಾನ್ ಟೇಲರ್ ಕಂಪನಿಯ ಸಾಹೇಬರಿಗೆ ಕ್ಲಬ್ಬು, ಗಾಲ್ಫ್ ಮೈದಾನ, ಡ್ಯಾನ್ಸು, ಪಿಯಾನೋ. ಅವರ ಸಂತೋಷಕ್ಕೆ ಊರಿಗೆ 'ಲಿಟಲ್ ಇಂಗ್ಲೆಂಡ್' ಅಂತ ಹೆಸರೇ ಬಂದಿತ್ತು. ಕೆಳಗಿಳಿಯುವವನಿಗೆ ಮಾತ್ರ ಮುಖವೂ ಇರಬಾರದು, ಒಂದು ನಂಬರು ಸಾಕು.

1930ರಲ್ಲಿ ಕಂಪನಿಯವರು ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡಬೇಕು ಅಂದರು. ಆಗ ನಮ್ಮವರಿಗೆ ಸಂಘವಿಲ್ಲ, ಹೇಳಿಕೊಳ್ಳುವಂಥ ನಾಯಕರಿಲ್ಲ, ಬಹುಪಾಲು ಮಂದಿಗೆ ಅಕ್ಷರವಿಲ್ಲ. ಆದರೂ ಸಾವಿರಾರು ಜನ ಕೇಜು ಹತ್ತದೆ ಮೂರು ವಾರ ಕೂತರು. ಕಳ್ಳರ ಬೆರಳಚ್ಚು ತೆಗೆಯುವ ಹಾಗೆ ನಮ್ಮದೂ ತೆಗೆಯುತ್ತಾರಾ ಅನ್ನುವ ಅವಮಾನ ಅವರನ್ನು ಮೇಲೆ ಕೂರಿಸಿತು. ಅವಮಾನ ಅನ್ನುವುದು ಒಂದು ಭಾವನೆ, ನೋಡು. ಅದು ಸತ್ತಿದ್ದರೆ ಹೆಬ್ಬೆಟ್ಟು ಚಾಚಿ ಸುಮ್ಮನೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಅನ್ಯಾಯ ಅನ್ನುವುದು ಮೊದಲು ಹೊಟ್ಟೆಯಲ್ಲಿ ಉರಿಯುತ್ತದೆ, ಅರ್ಜಿ ಬರೆಯುವುದು ಆಮೇಲೆ.

ಆ ಸಿನಿಮಾದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಪ್ರೆಸ್ಟನ್ ಕೈಗವಸು ತೆಗೆದು ಮೆಟ್ಟಿಲ ಕಂಬಿಯನ್ನು ಬರಿಗೈಯಲ್ಲಿ ಮುಟ್ಟುತ್ತಾನಲ್ಲ, ಕಿಟಕಿಗೆ ಅಂಟಿಸಿದ ಹಾಳೆ ಕಿತ್ತು ಬೆಳಗನ್ನು ನೋಡುತ್ತಾನಲ್ಲ, ಬಚ್ಚಿಟ್ಟ ಕೋಣೆಯಲ್ಲಿ ಗ್ರಾಮಫೋನಿನಿಂದ ಬೀಥೋವನ್ ಕೇಳಿ ಕಣ್ಣೀರಾಗುತ್ತಾನಲ್ಲ, ಅಲ್ಲಿ ನಾನೂ ಅತ್ತೆ. ಆಮೇಲೆ ಏನು ಮಾಡಿದ? ಬಂದೂಕು ಹಿಡಿದು ಕಂಡವರನ್ನೆಲ್ಲ ಕೊಂದ. ಮನಸ್ಸು ಮರಳಿ ಬಂದವನು ಮೊದಲು ಮಾಡುವ ಕೆಲಸ ಇದೇನಾ? ನನ್ನ ಕೇಳಿದರೆ ಸಿನಿಮಾದ ನಿಜವಾದ ಕತೆ ಅವನ ಮಕ್ಕಳದ್ದು. ತಾಯಿ ಹೋದಾಗಿನಿಂದ ಆ ಎಳೆಯವು ಔಷಧ ನಿಲ್ಲಿಸಿಬಿಟ್ಟಿದ್ದವು. ದುಃಖ ಇಟ್ಟುಕೊಂಡೇ ಅಪ್ಪನ ಮುಂದೆ ಕಲ್ಲುಮುಖ ಮಾಡಿಕೊಂಡು ಊಟ ಮಾಡುತ್ತಿದ್ದವು, ಅವನಿಗೇ ಹೆದರಿ. ಎಷ್ಟು ಮನೆಗಳಲ್ಲಿ ಹಾಗಿದೆ ಅಂತ ನನ್ನನ್ನು ಕೇಳು. ನಿಮ್ಮಪ್ಪ ಎದುರಿಗೆ ಗಂಭೀರ, ನೀನು ಎದುರಿಗೆ ಗಂಭೀರ. ಇಬ್ಬರೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬಂದು ಒಬ್ಬರ ಬಗ್ಗೆ ಒಬ್ಬರು ಮರುಗುತ್ತೀರಿ. ನಾನೆಷ್ಟು ದಿನ ನಡುವೆ ಅಂಚೆ ಹೊರಲಿ?

ದುಃಖಕ್ಕೆ ಏನು ಮಾಡಬೇಕೆಂದು ನಮ್ಮ ಊರಿಗೆ ಗೊತ್ತಿಲ್ಲದೆ ಇರಲಿಲ್ಲ. ಲೈನಿನಲ್ಲಿ ಸಾವಾದರೆ ಹೆಂಗಸರು ಸುತ್ತ ಕೂತು, ಒಬ್ಬರನ್ನೊಬ್ಬರು ತಬ್ಬಿಕೊಂಡು ಒಪ್ಪಾರಿ ಹಾಡುತ್ತಿದ್ದರು. ತಮಿಳಿನವರು ತಮಿಳಲ್ಲಿ, ನಮ್ಮವರು ಕನ್ನಡದಲ್ಲಿ ಹಾಡಿ ಹಾಡಿ ಅಳುತ್ತಿದ್ದರು. ಸತ್ತವನು ಯಾವ ಪಲ್ಯ ಇಷ್ಟಪಡುತ್ತಿದ್ದ, ಯಾವ ಶಿಫ್ಟಿಗೆ ಹೋಗಿದ್ದ, ಕೊಟ್ಟ ಸಾಲ ಎಷ್ಟು, ಬೈದ ಮೇಸ್ತ್ರಿ ಯಾರು, ಎಲ್ಲ ಆ ಹಾಡಿನಲ್ಲಿ ಬರುತ್ತಿತ್ತು. ಪಕ್ಕದಲ್ಲಿ ಕೂತ ಇನ್ನೊಬ್ಬಳು ಹತ್ತು ವರ್ಷದ ಹಿಂದೆ ಹೋದ ತನ್ನ ಗಂಡನಿಗೂ ಅದೇ ಹೊತ್ತಿನಲ್ಲಿ ಅತ್ತು ಮುಗಿಸುತ್ತಿದ್ದಳು. ಓದಿದ ಮಕ್ಕಳಿಗೆ ಅದು ನಾಚಿಕೆ ಅನ್ನಿಸತೊಡಗಿತು. ಈಗ ಗಾಜಿನ ಪೆಟ್ಟಿಗೆ ಬರುತ್ತದೆ, ಎಲ್ಲರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುಮ್ಮನೆ ಕೂತು ಎದ್ದು ಹೋಗುತ್ತಾರೆ.

ದುಃಖದ ಮಾತು ಬಂದಾಗ ಬುದ್ಧನೂ ನೆನಪಾಗುತ್ತಾನೆ. ನಮ್ಮ ಮಾರಿಕುಪ್ಪಂನಲ್ಲಿ 1907ರಿಂದಲೇ ಬೌದ್ಧ ಸಂಘ ಇದೆ, ಗೊತ್ತೇ? ಪಂಡಿತ ಅಯೋತ್ತಿದಾಸರು ಮದ್ರಾಸಿನಲ್ಲಿ ಹಚ್ಚಿದ ದೀಪವನ್ನು ಗಣಿ ಕಾರ್ಮಿಕರು ಇಲ್ಲಿಗೆ ತಂದರು. ಅಂಬೇಡ್ಕರರು ಬೌದ್ಧರಾಗುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತು ಇದು. ಬುದ್ಧನೂ ಭಾವನೆ ಬಿಡು ಅಂದವನೇ ಅಲ್ಲವೇ ಅಂತ ನೀನು ಕೇಳಬಹುದು. ಸಾವಿಲ್ಲದ ಮನೆಯ ಸಾಸಿವೆಯ ಕತೆ ನಿನಗೆ ಗೊತ್ತಿದೆ. ಸತ್ತ ಕೂಸನ್ನು ಎತ್ತಿಕೊಂಡು ಔಷಧ ಕೇಳಿಕೊಂಡು ಬಂದ ಗೋತಮಿಗೆ ಅವನು ಔಷಧವನ್ನೂ ಕೊಡಲಿಲ್ಲ, ಅಳಬೇಡ ಅಂತಲೂ ಅನ್ನಲಿಲ್ಲ. ಮನೆಮನೆಗೆ ಕಳಿಸಿದ. ಪ್ರತಿ ಬಾಗಿಲಲ್ಲೂ ಅವಳು ಒಂದು ಸಾವಿನ ಕತೆ ಕೇಳಿದಳು. ಕೇಳುತ್ತಾ ಕೇಳುತ್ತಾ ತನ್ನದನ್ನು ಇಳಿಸುವ ಬಲ ಬಂತು. ಅವಳ ದುಃಖ ಹೋಗಲಿಲ್ಲ, ಒಂಟಿಯಾಗಿರುವುದು ಹೋಯಿತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ನಿನಗೆ ಮನೆಮನೆ ತಿರುಗು ಅನ್ನುವುದಿಲ್ಲ. ರೈಲಿನಲ್ಲಿ ದಿನಾ ಜೊತೆಗೆ ಬರುವ ಮೂರು ನಾಲ್ಕು ಹುಡುಗರಿದ್ದಾರಲ್ಲ, ಇಳಿದ ಮೇಲೆ ಪಾನಿಪೂರಿ ಗಾಡಿಯ ಮುಂದೆ ನಿಲ್ಲುತ್ತೀರಲ್ಲ. ಕ್ರಿಕೆಟ್ಟು, ಸಂಬಳದ ಮಾತೆಲ್ಲ ಆದ ಮೇಲೆ ಒಂದು ದಿನ "ಇವತ್ತು ನನಗೆ ಬಹಳ ಕಷ್ಟವಾಯ್ತು ಕಣೋ" ಅಂತ ಅಂದುನೋಡು. ಒಬ್ಬ ಗೇಲಿ ಮಾಡಬಹುದು. ಇನ್ನೊಬ್ಬ ಮಾರನೆಯ ದಿನ ನಿನ್ನ ಪಕ್ಕದಲ್ಲಿ ಸೀಟು ಹಿಡಿದು ತನ್ನದನ್ನು ಹೇಳಿಕೊಳ್ಳುತ್ತಾನೆ. ಅವನನ್ನು ಬಿಡಬೇಡ. ಅಪ್ಪನ ಜೊತೆಗಾದರೆ ಎದುರುಬದುರು ಕೂತು ಮಾತಾಡಲು ಹೋಗಬೇಡ, ಇಬ್ಬರಿಗೂ ಆಗುವುದಿಲ್ಲ. ಭಾನುವಾರ ಬೈಕಿನಲ್ಲಿ ಸಯನೈಡ್ ಗುಡ್ಡದ ಕಡೆಗೆ ಕರೆದುಕೊಂಡು ಹೋಗು. ಗಂಡಸರು ಪಕ್ಕಪಕ್ಕ ನಿಂತು ದೂರ ನೋಡುವಾಗ ಬಾಯಿ ಬಿಡುತ್ತಾರೆ, ವಾರ್ಡಿನಲ್ಲಿ ಕಂಡುಕೊಂಡದ್ದು ಇದು.

ಇನ್ನೊಂದು ಮಾತು, ಇದು ಈ ವಾರದ್ದೇ. ನಿನ್ನ ಜೊತೆ ಓದಿದ ಕೋರಮಂಡಲದ ಹುಡುಗನ ತಂದೆ ತೀರಿಕೊಂಡರಲ್ಲ. ನೀನು ಫೋನಿನಲ್ಲಿ ಕೈ ಮುಗಿದ ಚಿತ್ರ ಕಳಿಸಿದೆಯಂತೆ, ಹೋಗಲಿಲ್ಲವಂತೆ. ಶನಿವಾರ ಅವರ ಮನೆಯಲ್ಲಿ ಕಾರ್ಯ ಇದೆ. ರಜೆ ಹಾಕಿ ಹೋಗು. ಅರ್ಜಿಯಲ್ಲಿ 'ವೈಯಕ್ತಿಕ ಕೆಲಸ' ಅಂತ ಬರೆಯಬೇಡ, ಗೆಳೆಯನ ತಂದೆ ಸತ್ತಿದ್ದಾರೆ ಅಂತಲೇ ಬರೆ. ಅಲ್ಲಿ ಏನು ಹೇಳಬೇಕೆಂದು ಯೋಚಿಸಬೇಡ. ಅವರು ನಿನ್ನ ತಾತನ ಜೊತೆ ಒಂದೇ ಶಿಫ್ಟಿನಲ್ಲಿ ಇಳಿಯುತ್ತಿದ್ದವರು, ಆ ಹುಡುಗನಿಗೆ ಅದು ಗೊತ್ತಿದೆಯೋ ಇಲ್ಲವೋ. ಅದನ್ನು ಹೇಳು, ಅವನ ಅಮ್ಮನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರು. ಅವರು ಅತ್ತರೆ ಸಮಾಧಾನ ಮಾಡಲು ಹೋಗಬೇಡ, ಅಳಲಿ. ನಿನಗೂ ಬಂದರೆ ಅಲ್ಲೇ ಅಳು. ನಾನೂ ಬರುತ್ತೇನೆ, ಮಂಡಿ ನೋವಿಗೆ ಮೆಟ್ಟಿಲು ಆಗುವುದಿಲ್ಲ, ರೈಲಿನ ಬದಲು ಬಸ್ಸಿನಲ್ಲೇ ಹೋಗೋಣ. ಬೆಳಿಗ್ಗೆ ಎಂಟಕ್ಕೆ ತಯಾರಾಗಿರು.